ಹನ್ನೊಂದನೆಯ ಕಲಮು

ಕರಾರುಪತ್ರವನ್ನು ಗಟ್ಟಿಯಾಗಿ ಓದಲೇಬೇಕು, ನಮ್ಮಲ್ಲಿ ಅದೇ ಕಾಯಿದೆ.
ಗ್ದಾನ್ಸ್ಕ್‌ನ ಈ ನೋಟರಿ ಕಚೇರಿಯಲ್ಲಿ
ನನ್ನ ಗಂಟಲು ಸವೆದದ್ದು ಹಾಗೆ.

ಎದುರಿಗೆ ಬೊಗುಮಿವಾ, ಟ್ರಾಮ್ ಓಡಿಸುವವಳು,
ಸಮವಸ್ತ್ರದಲ್ಲೇ ಬಂದಿದ್ದಾಳೆ.
ಕೊಳ್ಳುತ್ತಿರುವುದು ಮೂರನೇ ಮಹಡಿ;
ಸದ್ಯಕ್ಕೆ ಅಲ್ಲಿರುವುದು ಗಾಳಿ,
ಕೆಳಗೊಂದು ಕೆಸರುಗುಂಡಿ.

ಕೂಸು ಹುಟ್ಟುವ ಮುಂಚೆ ಕುಲಾವಿ!
ಅದನ್ನೇ ತಾನೆ ನಾನು ದಿನವೂ ಹೊಲಿಯುವುದು.

'ಹಣವು ಬ್ಯಾಂಕಿನ ಬೀಗದ ಖಾತೆಯಲ್ಲಿರತಕ್ಕದ್ದು.
ತಳಪಾಯ ಕಂಡ ಮೇಲೆ ಇಷ್ಟು,
ಸೂರು ಕಂಡ ಮೇಲೆ ಇಷ್ಟು.
ಕಟ್ಟುವವನು ಮುಳುಗಿದರೆ
ಕೊಂಡವರ ಹಣ ಕೊಂಡವರಿಗೆ.'

'ಇನ್ನೊಮ್ಮೆ ಓದಿ,' ಅಂದಳು.
ಓದಿದೆ.
'ಇನ್ನೂ ಒಂದು ಸಲ.'

ಹದಿನಾರು ವರ್ಷದ ಕೆಳಗೆ ಇದೇ ಕುರ್ಚಿಯಲ್ಲಿ
ವಿಟೋಲ್ಡ್ ಕೂತಿದ್ದ, ಹಡಗುಕಟ್ಟೆಯ ಬೆಸುಗೆಗಾರ.
ಅವನಿಗೂ ಒಂದಕ್ಷರ ಬಿಡದೆ ಓದಿದ್ದೆ.
ಆಗ ಈ ಕಲಮು ಹುಟ್ಟಿರಲಿಲ್ಲ.
ಅವನು ಕೊಂಡ ಅಡುಗೆಮನೆಯಲ್ಲಿ,
ಗೋಡೆಯಿಲ್ಲದ ಆರನೇ ಮಹಡಿಯಲ್ಲಿ,
ಈಗಲೂ ಪಾರಿವಾಳಗಳು ಮೊಟ್ಟೆಯಿಡುತ್ತವೆ.

ಮೂರನೇ ಸಲ ನಿಧಾನವಾಗಿ ಓದಿದೆ,
ಯಾರಿಗೆ ಎಂದು ಕೇಳಬೇಡಿ.

ಸಹಿ ಹಾಕಿ ಹೊರಟಳು,
ಕೈಗವಸು ಮೇಜಿನ ಮೇಲೆಯೇ ಉಳಿಯಿತು.
ಕಿಟಕಿ ತೆರೆದು ಕೂಗಿದೆ;
ದನಿ ಹೊರಡಲಿಲ್ಲ.