ಸವೆದದ್ದು, ಸವೆಸಿದ್ದು

ಹಳೆ ತಾಮ್ರ ಕಿಲೋ ಲೆಕ್ಕದಲ್ಲಿ ಕೊಳ್ಳುವವನು ನಾನು,
ಕಲಬುರಗಿಯ ಕಿರಾಣಾ ಬಜಾರಿನ ಹಿಂದಿನ ಓಣಿ.
ಹಂಡೆಯ ತಳ, ಮೋಟರಿನ ಸುರುಳಿ, ಮೂಗು ಮುರಿದ ಗಿಂಡಿ,
ಇವುಗಳ ನಡುವೆ ಒಮ್ಮೊಮ್ಮೆ
ಹುಣಸೆ ಬೀಜಕ್ಕಿಂತ ತುಸು ದೊಡ್ಡದು, ತುಸು ಓರೆ,
ಬಹಮನಿ ಕಾಲದ ಒಂದು ಗನಿ.
ಚೀಲವೆಲ್ಲ ಕುಲುಮೆಗೆ ಹೋದರೂ ಅದು ಹೋಗುವುದಿಲ್ಲ.

ಬೇರೆಯವರಿಗೆ ಅಕ್ಷರ ಪೂರಾ ಇರಬೇಕು.
ನನಗೆ ಬೇಕಾದದ್ದು ಕಟ್ಟಕಡೆಯ ಮೆಟ್ಟಿಲು:
ಎಪ್ಪತ್ತರ ಲೆಕ್ಕದಲ್ಲಿ ಒಂದು.
ಇನ್ನೊಂದು ಬೆರಳು ಆಡಿದ್ದರೆ ಬರೀ ತಾಮ್ರ
ಅನ್ನುವಲ್ಲಿ ನಿಂತದ್ದು.
ಇದಕ್ಕೂ ಪೈಪೋಟಿ ಇದೆ ಎಂದರೆ ಸುಗಲಾಬಾಯಿ ನಗುತ್ತಾಳೆ:
"ಫೇಲ್ ಆಗ್ಲಕ್ಕ ಯಾರರೆ ಫೀಸ್ ಕಟ್ತಾರೇನ್ರಿ?"

ಫೀಸು ತಗೊಳ್ಳುವವರು ತಸ್ಕೀನ್ ಆಪಾ.
ಮೋಮಿನಪುರದ ಮಹಡಿ, ಗೋಡೆಗೊತ್ತಿದ ಮೇಜು, ಎಡಕ್ಕೆ ಒಂದೇ ದೀಪ.
ದೀಪ ಸರಿಸಿ ಸರಿಸಿ ನೆರಳಿನಿಂದ ಓದುತ್ತಾರೆ,
ಉಬ್ಬು ಹೋದರೂ ನೆರಳು ಹೋಗಿರುವುದಿಲ್ಲವಂತೆ.
ಮೊದಲ ಸಲ ನಾನು ಹುಣಸೆಹುಳಿ ಹಚ್ಚಿ ತಿಕ್ಕಿ ಒಯ್ದಿದ್ದೆ,
ಮದುವೆ ಮನೆಯ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.
ಅವರು ಕೈಗೆ ತಗೊಳ್ಳಲೂ ಇಲ್ಲ.
"ಆರ್ನೂರ ವರ್ಷ ಕೂಡಿಟ್ಟ ಬಣ್ಣ ಅರ್ಧ ತಾಸಿನ್ಯಾಗ ತೊಳದಿ.
ಇದಕ್ಕ ಅಂಕಿ ಇಲ್ಲ, ಹೋಗು."
ತೂತು ಹೊಡೆದು ಮಗುವಿನ ಉಡಿದಾರಕ್ಕೆ ಕಟ್ಟಿದ್ದು: ಅಂಕಿ ಇಲ್ಲ.
'ಶಾಹ' ಮಾತ್ರ ಉಳಿದದ್ದು: ಅದಕ್ಕೂ ಇಲ್ಲ.
"ಎಲ್ಲಾರೂ ಶಾಹನೇ. ಯಾವ ಶಾಹ ಅಂತ ಅದು ಹೇಳಬೇಕಲ್ಲ?
ಪಿಸುಗುಟ್ಟಿದರೂ ನಡೀತದ."

ಈ ಸಲದ್ದು ಅಫಜಲಪುರದಿಂದ ಬಂದ ಕೊಡದೊಳಗೆ ಸಿಕ್ಕಿದ್ದು.
ಒಂದು ಮುಖ ಪಾಲಿಶಾದ ಶಹಾಬಾದ್ ಕಲ್ಲು.
ಇನ್ನೊಂದರಲ್ಲಿ ಒಂದು ವಾವ್ ಅಕ್ಷರದ ಬಾಲ,
ಉಗುರಿನ ಗೀರಿನಷ್ಟು,
ಅದರ ಮೇಲೆ ಅರ್ಧ ತಲೆ.
ಆಪಾ ತೂಗಿದರು, ತಿರುವಿದರು, ದೀಪ ಕೆಳಗಿಳಿಸಿದರು.
ಅಜಾನ್ ಆಯಿತು, ಒಳಗೆ ಹೋಗಿ ಬಂದರು, ಮತ್ತೆ ನೋಡಿದರು.
ಪೆನ್ಸಿಲಿನಲ್ಲಿ ಬರೆದರು: ಎರಡು.

ಎರಡು!
ಆ ಅರ್ಧ ತಲೆ ಇರದಿದ್ದರೆ ಒಂದು.
ನನ್ನ ಹೆಬ್ಬೆರಳು ತಾನಾಗಿ ಅಲುಗಿತು.
ಭೂತಗನ್ನಡಿ ಇಳಿಸದೆಯೇ ಅಂದರು:
"ಸವೆದದ್ದು ಬ್ಯಾರೆ, ಸವೆಸಿದ್ದು ಬ್ಯಾರೆ. ನನಗ ಗೊತ್ತಾಗ್ತದ."
ಡಬ್ಬಿಯಲ್ಲಿಟ್ಟು ಸೀಲು ಮಾಡಲೇ ಎಂದರು.
ಬೇಡ ಎಂದೆ.

ಈಗದು ಅಂಗಿಯ ಕಿಸೆಯಲ್ಲಿದೆ,
ಬೀಗದ ಕೈ, ಚಿಲ್ಲರೆ, ಸುಣ್ಣದ ಡಬ್ಬಿಯ ಜೊತೆ.
ಉಜ್ಜುತ್ತಿಲ್ಲ ನಾನು. ನಡೆಯುತ್ತೇನೆ, ಅಷ್ಟೇ.
ನಡೆದರೆ ಕಿಸೆ ಅಲುಗುತ್ತದೆ, ಅದು ನನ್ನ ತಪ್ಪೇ?
ರಾತ್ರಿ ಮಾತ್ರ ಲೆಕ್ಕ ಬೇರೆ ಬರುತ್ತದೆ:
ಇದು ಜೋಳಕ್ಕೆ ಹೋಗಿ ಸವೆದದ್ದು, ಎಣ್ಣೆಗೆ ಹೋಗಿ,
ಜೂಜಿಗೆ, ದೋಣಿಯವನಿಗೆ, ಹೆಣ ಹೊತ್ತವನಿಗೆ ಹೋಗಿ,
ಒಬ್ಬನ ಹತ್ತಿರ ಉಳಿಯಲಾರದೆ ಸವೆದದ್ದು.
ನನ್ನ ಕಿಸೆ ಬಿಟ್ಟು ಎಲ್ಲಿಗೂ ಹೋಗದೆ
ನಾಳೆ ಒಂದಕ್ಕಿಳಿದರೆ, ಆ ಒಂದು
ಯಾರ ಕೈಯದು?

ಇವತ್ತು ಮುಂಜಾನೆ ಒಬ್ಬಾಕೆ ತಾಮ್ರದ ಹಂಡೆ ತಂದಿಳಿಸಿದಳು.
ಕಂಠದ ಸುತ್ತ ಚುಕ್ಕಿಚುಕ್ಕಿಯ ಹೆಸರು:
ಶ್ರೀಮತಿ, ಆಮೇಲೆ ನುಣುಪು,
ಆಮೇಲೆ ಮ್ಮ, ಇವರಿಂದ ಪ್ರೀತಿಪೂರ್ವಕ.
ಬಿಸಿಲಿಗೆ ಓರೆ ಮಾಡಿ, ಬಾಗಿ, ನೆರಳಿನಿಂದ ಓದಲು ನೋಡಿದೆ.
ನೀಲಮ್ಮ? ಭೀಮಮ್ಮ? ಎಲ್ಲರೂ ಅಮ್ಮನೇ.
"ಯಾರು ಕೊಟ್ಟಿದ್ದಿದು?"
"ಏನ್ ಗೊತ್ರಿ, ನಮ್ಮತ್ತಿ ಮದವ್ಯಾಗ ಬಂದದ್ದು.
ದಿನಾ ಬೂದಿ ಹಚ್ಚಿ ತಿಕ್ಕೇವಿ.
ತೂಗ್ರಿ ಲಗೂನ, ಬಸ್ಸಿಗಿ ಹೊತ್ತಾತು."

ಐದು ಕಿಲೋ ಆರುನೂರು ಗ್ರಾಂ.
ರೊಕ್ಕ ಎಣಿಸಿ ಕೊಟ್ಟೆ.
ಹಂಡೆ ಇನ್ನೂ ಹೊರಗಿದೆ, ಕಟ್ಟೆಯ ಮೇಲೆ.
ಈಗ ನಡುನೆತ್ತಿಯ ಬಿಸಿಲು, ಏನೂ ಕಾಣುವುದಿಲ್ಲ.
ಸಂಜೆ ಓರೆಯಾಗಲಿ, ಮತ್ತೊಮ್ಮೆ ನೋಡುತ್ತೇನೆ.