ಆರಂಭಿಕ ಶಿಲ್ಕು

ಮಲ್ಪೆಯ ಐಸ್ ಪ್ಲಾಂಟಿನಲ್ಲಿ
ಲೆಕ್ಕ ಬರೆಯುವವಳಿಗೆ ಮೊದಲು ತಿಳಿಯಬೇಕಾದದ್ದು
ಸರಕು ಕರಗುತ್ತದೆ ಎಂಬುದು.
ನಾನು ಸೇರಿದ ದಿನ ಬೆನೆಟ್ ಸೋನ್ಸರು
ಗೋಣಿ ಹೊದೆಸಿದ ಗಡ್ಡೆಯೊಂದನ್ನು ತೋರಿಸಿ
"ಸಂಜೆಗೆ ಎಷ್ಟು ಉಳಿದೀತು, ಹೇಳಿ ನೋಡುವ" ಎಂದರು.
ಮುಕ್ಕಾಲು ಎಂದೆ.
"ಬರೆದಿಡಿ. ಸುಳ್ಳಾದರೆ ನಾಳೆ ಬೇರೆ ಬರೆಯುವ."

ನೂರಕ್ಕೆ ಎಂಟು ಕರಗು ಹಿಡಿದಿದ್ದೆವು ಆಗ.
ಕಂಪ್ರೆಸರಿಗೆ ಹದಿನೈದು ವರ್ಷ ಆಯುಸ್ಸು.
ಉಪ್ಪುಗಾಳಿಗೆ ನಮ್ಮ ಶೆಡ್ಯೂಲು ಓದಲು ಬರುವುದಿಲ್ಲ,
ಒಂಬತ್ತಕ್ಕೇ ಅದರ ಹೊಟ್ಟೆಯಿಂದ ತುಕ್ಕು ಉದುರಿತು.
ಉಳಿದ ಬೆಲೆಯನ್ನು ಉಳಿದ ವರ್ಷಗಳಿಗೆ ಹಂಚಿ
ಮುಂದೆ ಹೋದೆವು. ಹಿಂದಿನ ಪುಟ ಮುಟ್ಟಲಿಲ್ಲ.
ಮುಟ್ಟಬಾರದು. ಅಂದು ಗೊತ್ತಿದ್ದಷ್ಟರಲ್ಲಿ
ಅಂದು ಪ್ರಾಮಾಣಿಕವಾಗಿಯೇ ಊಹಿಸಿದ್ದೆವು.
ಅಂದಾಜು ಬದಲಾದರೆ ಯಾರ ಕ್ಷಮೆಯೂ ಬೇಡ.

ತಪ್ಪು ಹಾಗಲ್ಲ.

ಜೂನು. ಟ್ರಾಲ್ ನಿಷೇಧದ ತಿಂಗಳು.
ಬೋಟುಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು,
ಪ್ಲಾಂಟು ಬಾಯಿ ಮುಚ್ಚಿತ್ತು.
ಆಡಿಟಿಗೆ ಬಂದ ಹುಡುಗಿ ಕೇಳಿದ್ದು ಬೇರೇನೋ,
ಹಳೆಯ ಕಟ್ಟು ಬಿಚ್ಚಿದಾಗ ಸಿಕ್ಕಿದ್ದು ಒಂದು ಹಸಿರು ಚೀಟಿ:
ಮಾರ್ಚ್ ಮೂವತ್ತು, ರಾತ್ರಿ ಹನ್ನೊಂದೂಮುಕ್ಕಾಲು,
ಕೊರಗಪ್ಪ ಮೈಂದನರ ಬೋಟು, ನಾನೂರ ಹನ್ನೆರಡು ಗಡ್ಡೆ.
ಚೀಟಿಯ ಲೆಕ್ಕಕ್ಕೆ ಮೂವತ್ತರಲ್ಲೂ ಇತ್ತು ಆ ಮಾರಾಟ,
ಬಿಲ್ಲಿನ ಲೆಕ್ಕಕ್ಕೆ ಮೂವತ್ತೊಂದರಲ್ಲೂ.
ಅಕ್ಷರ ನನ್ನದು. ನನ್ನ ಎಂಟು ಮಾತ್ರ
ಹಾಗೆ ಸೊಂಟ ಬಿಗಿದು ನಿಲ್ಲುತ್ತದೆ.
ಅರುವತ್ತೊಂದು ಸಾವಿರದ ಎಂಟುನೂರು.

ಆ ದುಡ್ಡು ಬಾರದೆ ಹೋದಾಗ
(ಬಂದಿತ್ತು, ಒಮ್ಮೆ, ಸರಿಯಾಗಿ)
ವಸೂಲಿಗೆ ಹೋಗುತ್ತಿದ್ದ ಸೋನ್ಸರ ಕಡೆ
ಎಲ್ಲರೂ ನೋಡಿದ್ದರು. ನಾನೂ.
ಅವರು ಕನ್ನಡಕ ಒರೆಸಿಕೊಂಡು
"ನನ್ನ ಗ್ರಾಚ್ಯುಟಿಯಲ್ಲಿ ಮುರಿದುಕೊಳ್ಳಿ" ಎಂದು
ಎರಡು ವರ್ಷ ಮೊದಲೇ ಮನೆಗೆ ಹೋದರು.
ಆ ಕ್ರಿಸ್ಮಸ್ಸಿಗೂ ಡಬ್ಬಿ ತುಂಬ ಕುಸ್ವಾರ್ ಕಳಿಸಿದ್ದರು.
ತಿಂದಿದ್ದೆ.

ಕಾಮತರು ಚೀಟಿ ನೋಡಿ ಪೆನ್ನಿನ ತುದಿ ಕಚ್ಚಿದರು.
"ಸಣ್ಣದು ಮಾರಾಯ್ರೆ. ನಾಲ್ಕು ಕೋಟಿಯ ವಹಿವಾಟಿನಲ್ಲಿ
ಇದು ಗಣನೀಯವೇ ಅಲ್ಲ. ಅಂದಾಜಿನ ವ್ಯತ್ಯಾಸ ಅಂತ
ಈ ವರ್ಷದ ಖರ್ಚಿಗೆ ಹಾಕಿ, ಮುಗೀತು."

ಅಂದಾಜಲ್ಲ ಎಂದೆ.
ಚೀಟಿ ಅಂದೂ ಕಟ್ಟಿನಲ್ಲೇ ಇತ್ತು, ನೋಡಿದ್ದರೆ ಕಾಣುತ್ತಿತ್ತು.
ಕಾಣುವಂತಿದ್ದದ್ದನ್ನು ಕಾಣದೆ ಬರೆದದ್ದಕ್ಕೆ
ನಿಮ್ಮ ಪುಸ್ತಕದಲ್ಲೂ ಒಂದೇ ಹೆಸರು.
ಯಾರ ಲೆಕ್ಕದಲ್ಲಿ ಗಣನೀಯ ಅಲ್ಲ?

ಅವರು ಒಪ್ಪುವುದಕ್ಕೆ ಮೂರು ಚಹಾ ಬೇಕಾಯಿತು.

ಹೋದ ವರ್ಷಗಳ ಕಾಲಂ ತೆರೆದೆ.
ಸಹಿ ಬಿದ್ದ, ಸಭೆ ಒಪ್ಪಿದ, ಸೀಲು ಒಣಗಿದ ಅಂಕಿಗಳನ್ನು
ಮತ್ತೆ ಬರೆಯುವುದೆಂದರೆ
ಇಳಿತದ ಹೊತ್ತು ದಕ್ಕೆಯ ಕೆಸರಿಗೆ
ಬರಿಗಾಲಲ್ಲಿ ಇಳಿದ ಹಾಗೆ, ಎಲ್ಲಿ ಏನು ಚುಚ್ಚೀತೋ.
ಆರಂಭಿಕ ಶಿಲ್ಕೇ ಬೇರೆಯಾಯಿತು.
ಅಲ್ಲಿಂದ ಕೆಳಗೆ ಒಂದೊಂದು ಮೊತ್ತವೂ
ಸಿಟಿ ಬಸ್ಸಿನಲ್ಲಿ ಯಾರಿಗೋ ಜಾಗ ಬಿಡುವವರಂತೆ
ಚೂರು ಚೂರೇ ಸರಿದು ಕೂತಿತು.

ಟಿಪ್ಪಣಿ ಹದಿನೇಳರಲ್ಲಿ ಬರೆದೆ:
ಹಿಂದಿನ ಅವಧಿಯ ತಪ್ಪನ್ನು ಸರಿಪಡಿಸಲಾಗಿದೆ.
ಕರ್ಮಣಿ ಪ್ರಯೋಗ. ಅದರೊಳಗೆ ಯಾರೂ ಇಲ್ಲ.

ಚೆಕ್ಕು ಹಿಡಿದು ಮಿಷನ್ ಕಂಪೌಂಡಿಗೆ ಹೋದೆ.
ಸೋನ್ಸರು ಚರ್ಚಿನ ಕಾಣಿಕೆ ಲೆಕ್ಕ ಬರೆಯುತ್ತಿದ್ದರು,
ಅದೇ ಶಾಯಿ, ಅದೇ ರೂಲು ದೊಣ್ಣೆ.
ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ವಾಕ್ಯ
"ನಾನು" ಎಂದೇ ಶುರುವಾಗುತ್ತಿತ್ತು.
ಹೇಳಿದೆ. ಅರ್ಧಕ್ಕೆ ನಿಂತಿತು. ಮತ್ತೆ ಹೇಳಿದೆ.

ಅವರು ಚೆಕ್ಕಿನ ಜೊತೆಗಿದ್ದ ಹಾಳೆಯ ಮೇಲೆ
ಬೆರಳೋಡಿಸಿದರು, ತುಟಿ ಅಲುಗಿಸುತ್ತ.
"ಬಡ್ಡಿ ಮೂರು ರೂಪಾಯಿ ಹೆಚ್ಚು ಹಾಕಿದ್ದೀರಿ."
ಡ್ರಾಯರು ತೆಗೆದು ಮೂರು ನಾಣ್ಯ ಎಣಿಸಿ ಕೊಟ್ಟರು.
ಆಮೇಲೆ, ತುಂಬಾ ಹೊತ್ತಾದ ಮೇಲೆ,
"ಈಗ ಕರಗು ಎಷ್ಟು ಹಿಡಿಯುವುದು?"

ಹನ್ನೊಂದು.

"ಹದಿಮೂರಾದರೂ ಹಿಡಿಯಿರಿ" ಎಂದರು,
"ಸೆಕೆ ಈಗ ಮೊದಲಿನ ಹಾಗೆಲ್ಲಿ ಉಂಟು."