ತಂತಿಯ ಗಂಟು

ಹಲಸೂರು, ಮರ್ಫಿ ಟೌನಿನ ತಿರುವಿನಲ್ಲಿ
ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್ಲುಗಳ ಕೆಳಗೆ
ನಿಂತುಬಿಡುತ್ತಾನೆ ಅಂತೋಣಪ್ಪ.
ಹಾಲಿನ ಪ್ಯಾಕೆಟ್ಟು ಕೈಯಲ್ಲಿ ಬೆವರುತ್ತಿರುತ್ತದೆ.

‘ಎಷ್ಟು ಜನಾನ ಹೊಡೆದೆ, ತಾತ?’
ಮೊಮ್ಮಗಳು ಕೇಳಿದರೆ ಬಾಯಿ ತೆರೆದು
ಮುಕ್ಕಾದ ಮುಂದಿನ ಹಲ್ಲು ತೋರಿಸುತ್ತಾನೆ:
‘ಬಂದೂಕು ಹೆಗಲಲ್ಲೇ ಇತ್ತು. ನಾನು ತಂತಿ ಕಚ್ಚೋನು.’

ಆ ರಾತ್ರಿ ಶೆಲ್ಲು ಬಿದ್ದು ಲೈನು ಸತ್ತಿತ್ತು.
ಅಂಗೈಯೊಳಗೆ ತಂತಿ ಜಾರಿಸುತ್ತ
ಹಿಮದಲ್ಲಿ ತೆವಳಿದ.
ಒಂದು ತುದಿ ಸಿಕ್ಕಿತು. ಇನ್ನೊಂದು
ಹನ್ನೆರಡು ಮಾರು ಆಚೆ, ದಾಸೇಗೌಡನ ಬೂಟಿನಡಿ.
ಬೂಟು ಕದಲಲಿಲ್ಲ.

ಹಲ್ಲಲ್ಲಿ ಸಿಪ್ಪೆ ಸುಲಿದು, ತಾಮ್ರಕ್ಕೆ ತಾಮ್ರ ಹೊಸೆದು
ಫೋನು ಕಿವಿಗಿಟ್ಟ, ಲೈನು ಬದುಕಿತೇ ಎಂದು.
ಬದುಕಿತ್ತು.
ಯಾರೋ ನಿದ್ದೆಗೆಟ್ಟ ದನಿಯಲ್ಲಿ ಅಂಕಿ ಹೇಳುತ್ತಿದ್ದರು,
ದಿನಸಿ ಚೀಟಿ ಓದಿದಷ್ಟು ಮೆಲ್ಲಗೆ.
ಒಂದು ನಿಮಿಷ.
ಆಮೇಲೆ ಬೆನ್ನ ಹಿಂದಿನ ಫಿರಂಗಿಗಳೆಲ್ಲ ಒಟ್ಟಿಗೆ ಮಾತಾಡಿದವು,
ಎದುರಿನ ಗುಡ್ಡಕ್ಕೆ ನಡುರಾತ್ರಿ ಬೆಳಗಾಯಿತು.

‘ಗಂಟು ಹಾಕಿದೆ, ಅಷ್ಟೇ’
ಎನ್ನುತ್ತಾನೆ, ಮೊಮ್ಮಗಳು ಒಳಗೆ ಹೋದಮೇಲೆ.
ತಲೆಯ ಮೇಲೆ
ತುಂಡಾದ ತಂತಿಯೊಂದು ನೇತಾಡುತ್ತಿದೆ.
ಕೈ ಚಾಚುತ್ತಾನೆ,
ನೋಡುತ್ತಾನೆ ಆ ಕೈಯನ್ನೇ,
ಜೇಬಿಗಿಳಿಸುತ್ತಾನೆ.